ಬಾಗಿಲ ಬಳಿಯ ಎಲೆ

ಮರೆಮ್ಮನಿಗೆ ಕಣ್ಣು ಬೇಕಾಗಿದ್ದುದು ಒಂದೇ ಒಂದು ಕಾರಣಕ್ಕೆ. ಹೊಟ್ಟೆಪಾಡಿಗಂತೂ ಅಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವವಳಿಗೆ ಕಣ್ಣಿಗಿಂತ ಬೆರಳು ಮುಖ್ಯ, ಕೊಳೆತದ್ದು ಮುಟ್ಟಿದರೆ ಗೊತ್ತಾಗುತ್ತದೆ. ರೊಟ್ಟಿ ಬಡಿಯುವುದಕ್ಕೆ ಕಿವಿ ಸಾಕು. ಪುಣೆಯ ಯೆರವಡಾದ ಓಣಿಯಲ್ಲಿ ಯಾರ ಮನೆಯ ಮುಂದೆ ಗಟಾರ ತೆರೆದಿದೆ ಎಂಬುದು ಅವಳ ಕಾಲಿಗೇ ಬಾಯಿಪಾಠ. ಆದರೆ ಅಂಬಾರಾಯ ಬಂದರೆ ಗುರುತು ಹಿಡಿಯಬೇಕಲ್ಲ?

"ಇಷ್ಟ ವರ್ಷಾದ ಮ್ಯಾಲ ಮಾರಿ ಬದಲಾಗಿರತದ. ಈ ಮಂಜ ಕಣ್ಣ ಇಟಗೊಂಡು ಬಾಗಲಿಗೆ ಬಂದಾಂವಗ ಮುಂದ ಹೋಗಪಾ ಅಂದಗಿಂದೇನು" ಎಂದು ಅವಳು ಮಗಳ ಮುಂದೆ ಅಂಜಿಕೆ ತೋಡಿಕೊಳ್ಳುತ್ತಿದ್ದಳು.

ಅಂಬಾರಾಯ ಅವಳ ಗಂಡ. ಯಾದಗಿರಿ ಕಡೆಯಿಂದ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಬಂದು, ಊರ ತುಂಬ ಏಳುತ್ತಿದ್ದ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವನು. ಮಗಳು ಸುಮಂಗಲಾ ಎರಡನೆಯ ತರಗತಿಯಲ್ಲಿದ್ದಾಗ, ತೊಂಬತ್ತಮೂರರಲ್ಲಿ, ಕೂಲಿಯಾಳುಗಳನ್ನು ಒಯ್ಯುವ ಒಬ್ಬ ಮುಕಾದಮನ ಹಿಂದೆ ಸೂರತ್ತಿನ ಕಡೆ ಕೆಲಸಕ್ಕೆಂದು ಹೋದ. ಪಂಚಮಿಗೆ ಬರುತ್ತೇನೆ ಎಂದಿದ್ದ. ಯಾವ ಪಂಚಮಿ ಅಂತ ಕೇಳಲಿಲ್ಲೇನು ಎಂದು ನಗುವವರು ನಕ್ಕರು. ನಗುವವರಿಗೇನು, ಹಲ್ಲು ಅವರದೇ. ಮುಕಾದಮ ಮಾತ್ರ ತಿರುಗಿ ಬಂದ. ಅಂಬಾರಾಯ ಆ ಸೈಟು ಬಿಟ್ಟು ಇನ್ನೆಲ್ಲಿಗೋ ಹೋದನಂತೆ, ಅಷ್ಟೇ ಅವನಿಗೂ ಗೊತ್ತು. ಹೆಣ ಸಿಗಲಿಲ್ಲ, ಮನುಷ್ಯ ಸಿಗಲಿಲ್ಲ. ಮರೆಮ್ಮ ಕುಂಕುಮ ಅಳಿಸಲಿಲ್ಲ.

ಸುಮಂಗಲಾಳ ಬಳಿ ಅಪ್ಪ ಎಂದರೆ ಉಳಿದಿದ್ದುದು ಒಂದು ಮಳೆಗಾಲದ ಸಂಜೆ. ಖಾಲಿ ಸಿಮೆಂಟು ಚೀಲವನ್ನು ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡು, ಅದರೊಳಗೆ ಅವಳನ್ನೂ ಸೇರಿಸಿಕೊಂಡು, ಅಪ್ಪ ಸೈಟಿನಿಂದ ಮನೆತನಕ ನಡೆದಿದ್ದ. ಮುಖ ನೆನಪಿಲ್ಲ. ಸಿಮೆಂಟಿನ ವಾಸನೆ ನೆನಪಿದೆ. ಪುಣೆಯಲ್ಲೋ ಹೆಜ್ಜೆಗೊಂದು ಕಟ್ಟಡ ಏಳುತ್ತಿತ್ತು, ಹೀಗಾಗಿ ಆ ನೆನಪಿನಿಂದ ತಪ್ಪಿಸಿಕೊಂಡು ಓಡಾಡಲು ಅವಳಿಗೆ ದಾರಿಯೇ ಇರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಆ ವಾಸನೆ ಬಂದಾಗಲೆಲ್ಲ ಚಶ್ಮಾ ಸರಿಮಾಡಿಕೊಂಡು ಸೈಟಿನ ಮೇಲಿನ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮುಖವೇ ನೆನಪಿಲ್ಲದವನನ್ನು ಹೇಗೆ ಹುಡುಕುವುದು ಎಂದು ತನ್ನನ್ನು ತಾನೇ ಬೈದುಕೊಂಡು ಮತ್ತೆ ನೋಡುತ್ತಿದ್ದಳು.

ಮಗಳು ಓದಿದಳು, ಕಂಪ್ಯೂಟರ್ ಕಲಿತಳು. ಎರಡು ಸಾವಿರದ ಒಂಬತ್ತರ ಹೊತ್ತಿಗೆ ಕೋಥರೂಡದ ಒಂದು ಸೊಸೈಟಿಯ ಮೊದಲ ಮಹಡಿಯಲ್ಲಿದ್ದ ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸವಾಗಿತ್ತು. ಅಲ್ಲಿಯ ಹಿರಿಯ ಋಷಿಕೇಶ ಧಾರವಾಡದ ಮನೆತನದವನು, ಹುಟ್ಟಿ ಬೆಳೆದದ್ದೆಲ್ಲ ಪುಣೆ. ಮೀಟಿಂಗಿನಲ್ಲಿ ಮರಾಠಿ, ಕೋಡಿನಲ್ಲಿ ಇಂಗ್ಲಿಷ್, ಸಿಟ್ಟು ಬಂದಾಗ ಮಾತ್ರ ಕನ್ನಡ. ಸುಮಂಗಲಾ ಬಂದ ಮೇಲೆ ಸಿಟ್ಟಿಲ್ಲದಾಗಲೂ ಕನ್ನಡ ಆಡತೊಡಗಿದ್ದ.

ಜ್ಯಾಂಗೋ ಎಂಬ ಹೊಸ ಚೌಕಟ್ಟಿನ ಮೇಲೆ ಜಾಲತಾಣ ಕಟ್ಟುವುದು ಆ ಆಫೀಸಿನ ಕಸುಬು. ಮಾಹಿತಿ ಇಡುವ ಅಚ್ಚಿಗೆ ಅಲ್ಲಿ ಮಾಡೆಲ್ ಎನ್ನುತ್ತಾರೆ; ಹೆಸರು, ವಯಸ್ಸು, ವಿಳಾಸ ಎಂದು ಅದರಲ್ಲಿರುವ ಒಂದೊಂದು ಖಾನೆಯೂ ಫೀಲ್ಡ್. ಒಂದು ಮಾಡೆಲ್ ಇನ್ನೊಂದಕ್ಕೆ ತಾಯಿಯಾಗಬಹುದು. ಆಗ ತಾಯಿಯ ಖಾನೆಗಳೆಲ್ಲ, ಅವುಗಳ ಕಟ್ಟುಪಾಡಿನ ಸಮೇತ, ಮಗಳಿಗೆ ತಾವಾಗಿಯೇ ಬಂದುಬಿಡುತ್ತವೆ. ಮಗಳು ಬೇಕಾದರೆ ಹೊಸ ಖಾನೆ ಸೇರಿಸಿಕೊಳ್ಳಬಹುದು, ಆದರೆ ತಾಯಿಯಿಂದ ಬಂದದ್ದನ್ನು ಅದೇ ಹೆಸರಿನಲ್ಲಿ ತನ್ನಿಷ್ಟದಂತೆ ಬದಲಿಸಿ ಬರೆಯುವಂತಿಲ್ಲ. ಬರೆದರೆ ಪ್ರೋಗ್ರಾಮು ಹಟ ಹಿಡಿದು ನಿಲ್ಲುತ್ತದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ದೂರದೇಶದ ಯಾರೋ ಕಾನೂನು ಮಾಡಿಟ್ಟ ಹಾಗಿತ್ತು.

ಆ ವರ್ಷ ಕಂಪನಿಗೆ ಬಂದ ಕೆಲಸ, ಬಡವರಿಗೆ ಕಣ್ಣಿನ ಶಿಬಿರ ನಡೆಸುವ ಒಂದು ಟ್ರಸ್ಟಿನದು. ಶಹರದ ರೋಗಿಗಳಿಗೆ ಒಂದು ಮಾಡೆಲ್, ಕಟ್ಟಡ ಕಾರ್ಮಿಕರು ಹಮಾಲರು ಮುಂತಾದವರಿಗೆ ಇನ್ನೊಂದು. ಎರಡಕ್ಕೂ ತಾಯಿ 'ವ್ಯಕ್ತಿ' ಎಂಬ ಮಾಡೆಲ್. ಅದನ್ನು ಋಷಿಕೇಶ ಹಿಂದೊಮ್ಮೆ ಕೋಥರೂಡದ ಹೌಸಿಂಗ್ ಸೊಸೈಟಿಗಳಿಗಾಗಿ ಬರೆದಿದ್ದ. ಮದುವೆಯಾದ ಹೆಂಗಸು ಎಂದೊಡನೆ ಅದು ಗಂಡನ ಬಗ್ಗೆ ಕೇಳುತ್ತಿತ್ತು: ಇದ್ದಾರೆ, ಇಲ್ಲವೇ ತೀರಿಕೊಂಡಿದ್ದಾರೆ. ಎರಡರಲ್ಲಿ ಒಂದು ಒತ್ತಲೇಬೇಕು. ಬರೆದವನ ತಪ್ಪೇನೂ ಅಲ್ಲ. ಕೋಥರೂಡದಲ್ಲಿ ಅವನು ಕಂಡ ಗಂಡಂದಿರೆಲ್ಲ ಒಂದೋ ಸೋಫಾದ ಮೇಲಿರುತ್ತಿದ್ದರು, ಇಲ್ಲವೇ ಹಾರ ಹಾಕಿದ ಫೋಟೋದಲ್ಲಿರುತ್ತಿದ್ದರು. ಮೂರನೆಯ ಜಾಗ ಒಂದಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು!

ಕಾರ್ಮಿಕರ ಮಾಡೆಲ್ ಸುಮಂಗಲಾಳ ಪಾಲಿಗೆ ಬಂತು. ಹೊಸ ಮನೆಗೆ ಮೊದಲು ಅವ್ವನೇ ಕಾಲಿಡಲಿ ಎಂಬ ಆಸೆಯಿಂದ ಅವಳು ಮೊದಲ ಹೆಸರಾಗಿ ಮರೆಮ್ಮನದನ್ನೇ ಹಾಕಹೋದಳು. ಗಂಡನ ಖಾನೆಗೆ ಬಂದು ಕೈ ನಿಂತಿತು. ಮನೆಗೆ ಹೋಗಿ ಕೇಳಿದಳು.

"ಯವ್ವಾ, ಎರಡಽ ಅದಾವ ನೋಡು. ಇದ್ದಾನಂತ ಬರದ್ರ ಆಪರೇಶನ್ನಿಗೆ ಅವನ ಸಹಿ ಕೇಳ್ತಾರ. ಇಲ್ಲಂತ ಬರದ್ರ ಏನೂ ಕೇಳಂಗಿಲ್ಲ, ಪುಕ್ಕಟ ಮಾಡ್ತಾರ."

ಮರೆಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಇಲ್ಲಂದ್ರ?"

"ಸತ್ತಾನಂತ."

"ನಾ ಕಣ್ಣ ಮಾಡಸ್ಕೋಳಾದು ಯಾರನ್ನ ನೋಡ್ಲಿಕ್ಕ? ಅವ ಸತ್ತಾನಂತ ಬರಸಿ ಕಣ್ಣ ತಗೊಂಡ್ರ, ಆ ಕಣ್ಣಿಲೆ ಅವನ ಮಾರಿ ಹ್ಯಾಂಗ ನೋಡ್ಲಿ?"

"ಹಂಗಾರ ಕುಲ್ಡಿ ಆಗ್ತಿ."

"ಆಗ್ತೀನಿ ಬಿಡು. ನನ್ನ ಬಾಯಿಲೆ ಅದನ್ನ ಹೇಳಸಬ್ಯಾಡ ಸುಮ್ಮಿ."

ಹಿಟ್ಟು ನಾದುವ ಕೈ ಒಂದಿಷ್ಟು ಜೋರಾಯಿತು, ಅಷ್ಟೇ. ಸುಮಂಗಲಾಳಿಗೆ ಸಿಟ್ಟೂ ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಏಕೆಂದರೆ ಆ ಗುಂಡಿಯನ್ನು ಆಫೀಸಿನಲ್ಲಿ ತಾನೂ ಒತ್ತಿರಲಿಲ್ಲ. ಅವ್ವನನ್ನು ಕೇಳಬೇಕೆಂಬುದು ಬರೀ ನೆಪವಾಗಿತ್ತು.

ಮರುದಿನ ಅವಳು ಮಗಳ, ಎಂದರೆ ಕಾರ್ಮಿಕರ, ಮಾಡೆಲಿನಲ್ಲಿ ಗಂಡನ ಖಾನೆಯನ್ನು ಹೊಸದಾಗಿ ಬರೆದಳು, 'ಖಾಲಿ ಇದ್ದರೂ ನಡೆದೀತು' ಎಂದು. ಪ್ರೋಗ್ರಾಮು ಕಾನೂನು ತೋರಿಸಿತು: ತಾಯಿಯ ಬಳಿ ಈ ಹೆಸರಿನ ಖಾನೆ ಇದೆ, ನೀನು ಬರೆಯುವಂತಿಲ್ಲ. ಸರಿ, ಬರೆಯಬಾರದಲ್ಲವೇ, ಬಂದದ್ದನ್ನು ತಿದ್ದಬಾರದೆಂದು ಯಾರೂ ಹೇಳಿಲ್ಲವಲ್ಲ! ಮಗಳು ಹುಟ್ಟಿ ಮುಗಿದ ಮೇಲೆ, ಅವಳ ಕೈಯಲ್ಲಿರುವ ಖಾನೆಯನ್ನು ಹೆಸರು ಹಿಡಿದು ಕರೆದು, ಅದರ ಕಟ್ಟುಪಾಡನ್ನು ಒಂದೇ ಸಾಲಿನಲ್ಲಿ ಸಡಿಲಿಸಿದಳು. ಪ್ರೋಗ್ರಾಮು ತುಟಿಪಿಟಕ್ಕೆನ್ನಲಿಲ್ಲ. ಮರೆಮ್ಮನ ಹೆಸರು, ಗಂಡನ ಖಾನೆ ಖಾಲಿಯಾಗಿಯೇ, ಒಳಗೆ ಹೋಗಿ ಕುಳಿತಿತು. ಸಹಿ ಮಾಡುವವರ ಜಾಗದಲ್ಲಿ ಅವಳು ತನ್ನ ಹೆಸರು ಹಾಕಿದಳು. ಸುಮಂಗಲಾ ಅವತ್ತು ಕ್ಯಾಂಟೀನಿನಲ್ಲಿ ಎರಡು ಕಪ್ಪು ಚಹಾ ಕುಡಿದಳು. ಈ ಗೆಲುವನ್ನು ಯಾರಿಗೂ ಹೇಳುವಂತಿರಲಿಲ್ಲ ಎನ್ನುವುದೊಂದೇ ಕೊರತೆ.

ಕದ್ದು ಮಾಡಿದ ಅಡಿಗೆಯಾದರೂ ವಾಸನೆ ಬಿಡುತ್ತದೆ. ಎರಡು ವಾರವಾದ ಮೇಲೆ ಋಷಿಕೇಶ ಟ್ರಸ್ಟಿನ ಫೋನು ಇಟ್ಟು ನೇರವಾಗಿ ಅವಳ ಮೇಜಿಗೆ ಬಂದ. ಕನ್ನಡದಲ್ಲೇ ಶುರು ಮಾಡಿದ, ಅಂದರೆ ಸಿಟ್ಟು ನಿಜವಾದದ್ದು.

"ಸುಮಂಗಲಾ, ಗಂಡನ ಫೀಲ್ಡಿಗೆ ನೀವೇನರ ಕೈ ಹಚ್ಚೀರೇನ್ರಿ?"

"ನನ್ನ ಮಾಡೆಲ್‌ನಾಗ ಅಷ್ಟಽ ಸರ್. ಮಗಳದು."

"ಮಗಳದಂತ ನೀವು ಹಿಡದ್ರಿ, ಅದು ತಾಯಿ ಕೈ ಇತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ತಾಯಿ ಬರೀ ನಕ್ಷೆಯಾಗಿದ್ದರೆ ಪ್ರತಿ ಮಗಳಿಗೂ ಖಾನೆಯ ಒಂದೊಂದು ನಕಲು ಸಿಗುತ್ತಿತ್ತು. ಇಲ್ಲಿಯ ತಾಯಿಗೆ ಮಾಹಿತಿ ತುಂಬಿಡುವ ತನ್ನದೇ ಕೋಷ್ಟಕವಿತ್ತು, ಹೀಗಾಗಿ ಮಗಳ ಕೈಲಿ ಕಾಣುತ್ತಿದ್ದುದು ನಕಲಲ್ಲ, ತಾಯಿಯ ಅಸಲು. ಸುಮಂಗಲಾ ಸಡಿಲಿಸಿದ್ದು ಇಡೀ ಮನೆತನದ ಕಟ್ಟುಪಾಡನ್ನು. ಶಹರದ ಶಿಬಿರಗಳಲ್ಲಿ ಹೆಸರು ತುಂಬುವ ಹುಡುಗರು, ಖಾಲಿ ಬಿಟ್ಟರೂ ನಡೆಯುತ್ತದೆಂದು ಕಂಡ ಕೂಡಲೇ, ಎಲ್ಲರದ್ದೂ ಖಾಲಿ ಬಿಡತೊಡಗಿದ್ದರು. ಗಂಡ ತೀರಿದವರು ಯಾರೆಂದೇ ಆಸ್ಪತ್ರೆಗೆ ತಿಳಿಯಲಿಲ್ಲ; ಸಹಿ ಮಾಡುವವರ ಹೆಸರಿಲ್ಲದ ಹೆಂಗಸರಿಗೆಲ್ಲ ಅದು ಗಂಡನ ಸಹಿ ಕೇಳತೊಡಗಿತು.

"ಹಡಪಸರದಾಗ ತಿಪ್ಪವ್ವ ಅಂತ ಒಬ್ಬಾಕಿ ಮುದುಕಿ" ಎಂದ ಋಷಿಕೇಶ. ಸಿಟ್ಟು ಇಳಿದು ದನಿ ಕುಗ್ಗಿತ್ತು. "ಗಂಡ ಹೋಗಿ ಎಷ್ಟೋ ವರ್ಷ ಆಗೇದಂತ. ಆಪರೇಶನ್ ದಿವಸ ಆಕೀಗೆ ಗಂಡನ ಸಹಿ ತಗೊಂಡು ಬಾ ಅಂತ ಹೇಳಿ ವಾಪಸ್ ಕಳಸ್ಯಾರ. ಆಕಿ ಆಸ್ಪತ್ರಿ ಮೆಟ್ಟಲ ಮ್ಯಾಲ ಕೂತು ಅತ್ತಾಳಂತ."

ಸುಮಂಗಲಾಳಿಗೆ ಕುಳಿತ ಕುರ್ಚಿಯೇ ಮುಳ್ಳಾಯಿತು. ತನ್ನ ಅವ್ವ ಗಂಡ ಸತ್ತನೆಂದು ಬರೆಸದಿರಲಿ ಎಂದು ಮಾಡಿದ ಕೆಲಸ, ಇನ್ನೊಬ್ಬರ ಅವ್ವನನ್ನು ಸತ್ತವನ ಸಹಿ ತರಲು ಕಳುಹಿಸಿತ್ತು. ಅವಳು ಎಲ್ಲವನ್ನೂ ಹೇಳಿದಳು, ಅವ್ವನ ಹಟವನ್ನು, ಸೂರತ್ತನ್ನು, ಬಾರದ ಪಂಚಮಿಯನ್ನು. ಋಷಿಕೇಶ ಕೇಳಿಸಿಕೊಂಡ. ಅವನು ಒಳ್ಳೆಯವನೇ, ಆದರೆ ಒಳ್ಳೆಯತನಕ್ಕೂ ಸೋಮವಾರ ಬರುತ್ತದೆ.

"ತಾಯಿದು ಹೆಂಗಿತ್ತೋ ಹಂಗ ಮಾಡಬೇಕ್ರಿ. ಸೋಮವಾರ ಟ್ರಸ್ಟಿನವ್ರು ನೋಡ್ತಾರ. ತಿಪ್ಪವ್ವಗ ಬ್ಯಾರೆ ತಾರೀಖು ನಾ ಕೊಡಸ್ತೀನಿ. ನಿಮ್ಮ ತಾಯಿದು..." ಅವನು ಹೆಗಲು ಕುಣಿಸಿದ. "ಎರಡರಾಗ ಒಂದು ಒತ್ತಿಬಿಡ್ರಿ. ಬರೇ ಒಂದು ಫೀಲ್ಡ್ ಅದ."

ಬರೇ ಒಂದು ಫೀಲ್ಡ್! ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅದನ್ನೇ ಜಗಿದಳು. ಖಾಲಿ ಇದ್ದ ಹೆಸರನ್ನು ಸೋಮವಾರದ ನಂತರ ಯಾರಾದರೂ ಆಸ್ಪತ್ರೆಯಲ್ಲಿ ತೆರೆದು ಉಳಿಸಹೋದರೆ ಅದು ಉಳಿಯುವುದಿಲ್ಲ. ಅವ್ವನ ಆಪರೇಶನ್ನು ದಸರೆ ಮುಗಿದ ಮೇಲಿತ್ತು. ಅಷ್ಟರೊಳಗೆ ಅಪ್ಪನನ್ನು ಕರೆತರಬೇಕು, ಇಲ್ಲವೇ ಕೊಲ್ಲಬೇಕು.

ಮರುದಿನವೇ ಮಾನಮಿ ಅಮಾಸಿ, ಹಿರಿಯರಿಗೆ ಎಡೆ ಇಡುವ ದಿನ. ಸುಮಂಗಲಾ ರಜೆ ಹಾಕಿದ್ದಳು. ಮರೆಮ್ಮ ನಸುಕಿನಿಂದಲೇ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಮಾಡಿ, ಒಳಗಿನ ಗೋಡೆಗೆ ಎದುರಾಗಿ ಎಲೆಗಳನ್ನು ಹಾಕಿದಳು. ಮಾವನಿಗೆ ಒಂದು, ಅದರ ಮೇಲೆ ಹೊಸ ಟವೆಲ್ಲು, ತಂಬಾಕು. ಅತ್ತೆ ಸಾಬವ್ವನಿಗೆ ಒಂದು, ಅದಕ್ಕೆ ಕುಪ್ಪಸದ ಬಟ್ಟೆ. ಮಂಜುಗಣ್ಣಿನಲ್ಲೂ ಸಾಲು ನೂಲು ಹಿಡಿದಂತಿತ್ತು. ಸಾಬವ್ವ ಸಾಯುವ ಮೊದಲು ಸೊಸೆಗೆ ಕೊಟ್ಟ ಆಸ್ತಿ ಇದೊಂದೇ: ಯಾರ ಎಲೆ ಎಲ್ಲಿ, ಯಾರಿಗೇನು ಬಡಿಸಬೇಕು ಎಂಬ ಕ್ರಮ. ಅದರಲ್ಲಿ ಒಂದು ಕಟ್ಟಪ್ಪಣೆಯೂ ಇತ್ತು. ಜೀವಂತ ಇರುವವರ ಹೆಸರಿನ ಎಲೆ ಆ ಸಾಲಿನಲ್ಲಿ ಬೀಳಬಾರದು, ಬಿದ್ದರೆ ಅವರ ಆಯುಷ್ಯ ಕಡಿಯುತ್ತದೆ.

ಊದಿನಕಡ್ಡಿ ಹಚ್ಚಿ ಕೈಮುಗಿದಾದ ಮೇಲೆ ಮರೆಮ್ಮ ಇನ್ನೊಂದು ಎಲೆ ತೆಗೆದುಕೊಂಡು ಬಾಗಿಲ ಬಳಿಗೆ ಹೋದಳು. ಹೊಸ್ತಿಲ ಒಳಗೆ, ಸಾಲಿಗೆ ಬೆನ್ನಾಗುವಂತೆ ಹಾಸಿ, ಅದರ ಮೇಲೂ ಎಲ್ಲವನ್ನೂ ಬಡಿಸಿದಳು. ಇದು ಪ್ರತಿವರ್ಷ ಇದ್ದದ್ದೇ. ಬಂದವರಿಗೆ ಎಂದು ಅವ್ವ ಹೇಳುತ್ತಿದ್ದಳು, ಮಧ್ಯಾಹ್ನದ ತನಕ ಇಟ್ಟು ಆಮೇಲೆ ಹಾದಿಯಲ್ಲಿ ಹೋಗುವ ಹಸಿದವರನ್ನು ಕರೆದು ಕೂರಿಸುತ್ತಿದ್ದಳು. ಸಣ್ಣವಳಿದ್ದಾಗ ಸುಮಂಗಲಾ ಆ ಎಲೆಯ ಹೋಳಿಗೆಗೆ ಕೈ ಹಾಕಿ ಏಟು ತಿಂದಿದ್ದಳು. ಎಲ್ಲರ ಮನೆಯಲ್ಲೂ ಹೀಗೆಯೇ ಎಂದುಕೊಂಡಿದ್ದಳು. ಇವತ್ತು ಮಾತ್ರ, ಸಾಲಿನಾಚೆ ಒಂಟಿಯಾಗಿ ಬಿದ್ದಿದ್ದ ಆ ಎಲೆಯನ್ನು ನೋಡುತ್ತ ನೋಡುತ್ತ, ಅವಳಿಗೆ ತಡೆಯಲಾಗಲಿಲ್ಲ.

"ಯವ್ವಾ, ಇದೂ ಸಾಬವ್ವಾಯಿ ಹೇಳಿ ಕೊಟ್ಟಿದ್ದೇನು?"

"ಇಲ್ಲವಾ. ಇದು ನಂದು."

"ಯಾರ ಸಲುವಾಗಿ?"

ಮರೆಮ್ಮ ಎಲೆಯ ಮೇಲೆ ತುಪ್ಪ ಬಿಡುತ್ತಿದ್ದಳು. ಮಂಜಾಗಿ ಕಾಣುವ ಕಾರಣ ಬೆರಳಿನಿಂದ ಹೋಳಿಗೆಯ ಅಂಚು ಮುಟ್ಟಿ ನೋಡಿ ಬಿಟ್ಟಳು.

"ನಿಮ್ಮಪ್ಪಂದು" ಎಂದಳು. "ಆ ಸಾಲಿನಾಗ ಹಾಕಿದ್ರ, ಎಲ್ಲೆರ ಬದುಕಿದ್ದ ಅಂದ್ರ ಆಯುಷ್ಯ ಕಡೀತದ. ಹಾಕದಽ ಬಿಟ್ರ, ಸತ್ತಿದ್ದ ಅಂದ್ರ ಹಸದು ತಿರಗತಾನ. ಅತ್ತಿ ಸಾಲು ನಾ ಯಾಕ ಕೆಡಿಸ್ಲಿ? ಅದು ಇದ್ದಂಗ ಇರಲಿ. ನಾ ಬಾಗಲಿಗೆ ಒಂದು ಬ್ಯಾರೆ ಹಾಕ್ದೆ. ಸತ್ತಿದ್ರ ಎಡಿ ಆತು, ಬದುಕಿದ್ರ ಊಟ ಆತು."

ಅಳಬಾರದೆಂದುಕೊಂಡಿದ್ದ ಸುಮಂಗಲಾ ಅತ್ತಳು. ಇಷ್ಟು ವರ್ಷ ಆ ಎಲೆಯ ಪಕ್ಕದಲ್ಲೇ ಕುಳಿತು ಉಂಡಿದ್ದಳು, ಅಪ್ಪ ಇರುವ ಜಾಗ ಮನೆಯಲ್ಲೇ ಇತ್ತು, ತನಗೆ ಗೊತ್ತಾಗಿರಲಿಲ್ಲ. ಮರೆಮ್ಮ ಮಗಳ ಅಳು ಕೇಳಿ, ಹಬ್ಬದ ದಿನ ಮುಸುಮುಸು ಅನ್ನಬ್ಯಾಡ ಎಂದು ಗದರಿ, ಸೆರಗಿನಿಂದ ತನ್ನ ಮೂಗನ್ನೂ ಒರೆಸಿಕೊಂಡಳು. ಆ ಮಧ್ಯಾಹ್ನ ಬಾಗಿಲ ಎಲೆಗೆ ಕುಳಿತು ಉಂಡವನು ಚಾಕು ಸಾಣೆ ಹಿಡಿಯುವ ಒಬ್ಬ ಮುದುಕ. ಅವನು ತುಪ್ಪ ಕೇಳಿ ಹಾಕಿಸಿಕೊಂಡ.

ಸೋಮವಾರ ಸುಮಂಗಲಾ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದಳು. ಮಗಳ ಹೆಸರಿನಲ್ಲಿ ತಾಯಿಯನ್ನು ತಿದ್ದುತ್ತಿದ್ದ ಆ ಒಂದು ಸಾಲನ್ನು ಅಳಿಸಿದಳು. ತಾಯಿ ಮೊದಲಿದ್ದ ಹಾಗಾದಳು: ಎರಡೇ ಉತ್ತರ, ಒಂದು ಕಡ್ಡಾಯ. ಶಹರದ ಹುಡುಗರು ಇನ್ನು ಖಾಲಿ ಬಿಡುವಂತಿಲ್ಲ. ಆಮೇಲೆ ಮಾಡೆಲಿನ ಸಾಲಿನಿಂದ ಆಚೆ ಬಂದಳು. ಮಾಹಿತಿ ಒಳಗೆ ಬರುವ ಬಾಗಿಲೆಂದರೆ ಫಾರ್ಮು, ಅಲ್ಲಿ ಕಾರ್ಮಿಕರಿಗೆ ಅವರದೇ ಫಾರ್ಮು ಇತ್ತು. ತಾಯಿಯ ಖಾನೆಯನ್ನು ಮುಟ್ಟದೆ, ಆ ಫಾರ್ಮಿನೊಳಗೆ ಮಾತ್ರ ಗಂಡನ ಖಾನೆಯನ್ನು ಬೇರೆಯಾಗಿ ಹಾಕಿದಳು: ಒತ್ತಿದರೆ ಒತ್ತಬಹುದು, ಬಿಟ್ಟರೆ ಬಿಡಬಹುದು, ಬಿಟ್ಟರೆ ಮಕ್ಕಳ ಸಹಿ ನಡೆಯುತ್ತದೆ. ಚೌಕಟ್ಟು ಇದಕ್ಕೆ ಅಡ್ಡ ಬರಲಿಲ್ಲ. ಅದರ ಹಟವೆಲ್ಲ ಸಾಲು ಕೆಡಿಸುವವರ ಮೇಲೆ.

ಋಷಿಕೇಶ ಓದಿ ನೋಡಿದ. ಶಹರದ ಫಾರ್ಮು ತೆರೆದು ಖಾಲಿ ಬಿಟ್ಟು ನೋಡಿದ, ಅದು ತಡೆಯಿತು. ಕಾರ್ಮಿಕರದ್ದು ತೆರೆದ, ಅದು ಹಾದಿ ಬಿಟ್ಟಿತು.

"ಇದು ಮೊದಲಽ ಯಾಕ ತಲಿಗೆ ಹೊಳೀಲಿಲ್ರಿ?"

"ಮನ್ಯಾಗ ಇತ್ತು ಸರ್. ನೋಡಿರಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ, ಆದರೂ ಟ್ರಸ್ಟಿಗೆ ಫೋನು ಮಾಡಿ, ಸೈಟುಗಳ ಮೇಲೆ ಗಂಡ ಪತ್ತೆಯಿಲ್ಲದ ಹೆಂಗಸರೂ ಇರುತ್ತಾರೆ, ಅವರಿಗೆ ಮಕ್ಕಳ ಸಹಿ ಸಾಕೆಂದು ಒಪ್ಪಿಸಿದ. ತಿಪ್ಪವ್ವನಿಗೆ ಅದೇ ವಾರ ಆಪರೇಶನ್ನಾಯಿತು. ದಸರೆ ಮುಗಿದು ಮರೆಮ್ಮನ ಸರದಿಯೂ ಬಂತು. ಸಹಿ ಮಾಡುವಾಗ ಸುಮಂಗಲಾ ಎಂದಿನಂತೆ ತನ್ನ ಹೆಸರಿನ ನಡುವೆ ಅಂಬಾರಾಯ ಎಂದು ಬರೆದಳು. ಈ ಊರಿನ ಪದ್ಧತಿ ಅದು, ಮಕ್ಕಳ ಹೆಸರಿನ ಮಧ್ಯೆ ಅಪ್ಪ. ಲೆಕ್ಕಕ್ಕೆ ಅಪ್ಪನ ಸಹಿಯೂ ಆದಂತಾಯಿತೆಂದು ಅವಳಿಗೆ ಅನಿಸಿ, ಕಾಗದವನ್ನು ಕೊಡುವ ಮೊದಲು ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಪಟ್ಟಿ ಬಿಚ್ಚಿದರು. ಕಪ್ಪು ಚಶ್ಮಾದ ದಿನಗಳೂ ಮುಗಿದವು. ಮರೆಮ್ಮ ಮೊದಲು ಮಗಳ ಮುಖವನ್ನು ಎರಡೂ ಕೈಲಿ ಹಿಡಿದು ಬಹಳ ಹೊತ್ತು ನೋಡಿದಳು. ಹುಬ್ಬು ಅವಂದಽ ಅದ ಎಂದಳು. ಸುಮಂಗಲಾ ಕನ್ನಡಿಯ ಮುಂದೆ ಹೋಗಿ ತನ್ನ ಹುಬ್ಬನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

ಅಂದಿನಿಂದ ಸಂಜೆ ಹೊತ್ತು ಮರೆಮ್ಮ ಹೊಸ್ತಿಲ ಮೇಲೆ ಕುಳಿತು ಓಣಿ ನೋಡುವುದು ರೂಢಿಯಾಯಿತು. ಮೊದಲೂ ಕೂರುತ್ತಿದ್ದಳು, ಆದರೆ ಈಗ ಕಣ್ಣಿತ್ತಲ್ಲ. ಒಂದು ಭಾನುವಾರ ಸುಮಂಗಲಾಳೂ ಪಕ್ಕದಲ್ಲಿ ಬಂದು ಕುಳಿತಳು. ಕೆಲಸ ಬಿಟ್ಟ ಗಂಡಸರು ಓಣಿಯ ತುದಿಯಲ್ಲಿ ತಿರುವಿನಿಂದ ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಿದ್ದರು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ, ತುಸು ಬಾಗಿದ ಒಬ್ಬನು ಬಂದ.

"ಅವ ಅಲ್ಲ" ಎಂದಳು ಮರೆಮ್ಮ.

ಅವನ ಹಿಂದೆ ಇನ್ನೊಬ್ಬ, ಕೈಯಲ್ಲಿ ಊಟದ ಡಬ್ಬಿ.

"ಇವನೂ ಅಲ್ಲ."

ಸುಮಂಗಲಾ ಅವ್ವನ ಮೊಣಕಾಲ ಮೇಲೆ ಕೈಯಿಟ್ಟಳು. "ಅಷ್ಟ ದೂರದಾಗಿಂದು ಕಾಣ್ತದೇನ ಯವ್ವಾ? ಭಾಳ ಛಲೋ ಆತಲ್ಲ!"

"ಭಾಳ ಛಲೋ ಕಾಣ್ತದ" ಎಂದಳು ಮರೆಮ್ಮ. ಓಣಿಯಿಂದ ಕಣ್ಣು ತೆಗೆಯಲಿಲ್ಲ. "ಮೊದಲ ಹಂಗಿರಲಿಲ್ಲ ನೋಡು. ಆ ತಿರುವಿಗೆ ಯಾರ ಬಂದ್ರೂ, ಬಾಗಲಿಗೆ ಬರೋತನಕ ನಿಮ್ಮಪ್ಪನಽ ಇರತಿದ್ದ. ಈಗ ಅಲ್ಲಿದ್ದಾಗಽ ಅವ ಅಲ್ಲಂತ ತಿಳೀತದ."

ಸುಮಂಗಲಾ ಚಶ್ಮಾ ತೆಗೆದು ಮಡಿಲಲ್ಲಿಟ್ಟುಕೊಂಡಳು. ಓಣಿ ಮಂಜಾಯಿತು. ತಿರುವಿನಲ್ಲಿ ಯಾರೋ ಒಬ್ಬರು ಇತ್ತ ಕಡೆಗೇ ನಡೆದು ಬರುತ್ತಿದ್ದರು.